ನಿಂಬೆಹುಳಿ ಬಿದ್ದ ನೆಲ

ಕಲಬುರಗಿಯ ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ, ಒಲೆಕಟ್ಟೆಯಿಂದ ಎರಡು ಹೆಜ್ಜೆ ಆಚೆ, ನೆಲದ ಮೇಲೆ ಅಂಗೈಯಗಲದ ಒಂದು ಬಿಳಿಚಿದ ಮಚ್ಚೆ ಇದೆ. ಸುತ್ತಲಿನ ಶಾಬಾದಿ ಪರ್ಸಿ ಐವತ್ತು ವರ್ಷ ಬರಿಗಾಲಲ್ಲಿ ತುಳಿಸಿಕೊಂಡು, ಎಣ್ಣೆ ಸವರಿದಂತೆ ನುಣುಪಾಗಿದೆ. ಆ ಮಚ್ಚೆ ಮಾತ್ರ ಮಂಕು, ಬೆರಳಾಡಿಸಿದರೆ ಒರಟು. ಚಿಕ್ಕವಳಿದ್ದಾಗ ನಾನು ಉಪ್ಪಿನಕಾಯಿಗೆ ಹೆಚ್ಚಿಟ್ಟಿದ್ದ ನಿಂಬೆಹೋಳಿನ ಪಾತ್ರೆಯನ್ನು ಉರುಳಿಸಿದ್ದರ ಗುರುತು ಅದು. "ನಿಂಬಿಹುಳಿ ಕಲ್ಲು ತಿಂತದ ಅಂತ ಎಷ್ಟು ಸಲ ಹೇಳೀನಿ ನಿಂಗ!" ಎಂದು ಅವ್ವ ಬೈಯುತ್ತಲೇ ಒದ್ದೆ ಬಟ್ಟೆ ತಂದು ಒರೆಸಿದಳು. ಮಚ್ಚೆ ಹೋಗಲಿಲ್ಲ. ಹೋಗುವುದಕ್ಕೆ ಅದು ಕಲೆಯಾಗಿರಲಿಲ್ಲ, ಅಷ್ಟು ಜಾಗದ ಕಲ್ಲೇ ಕೂದಲೆಳೆಯಷ್ಟು ಕರಗಿಹೋಗಿತ್ತು.

ಎಷ್ಟೋ ವರ್ಷಗಳ ಮೇಲೆ ಭೂವಿಜ್ಞಾನದ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಮೇಷ್ಟ್ರು ಬೂದು ಬಣ್ಣದ ಕಲ್ಲಿನ ಚೂರೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರು. ಹನಿ ಚುಂಯ್‌ಗುಟ್ಟಿ ನೊರೆಯಾಯಿತು. ಕಲ್ಲಿನಲ್ಲಿದ್ದ ಕ್ಯಾಲ್ಸೈಟ್ ಎಂಬ ಖನಿಜ ಆಮ್ಲದೊಡನೆ ಸೇರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿತ್ತು. "ಇದು ಸುಣ್ಣದ ಕಲ್ಲು. ಬೇರೆ ಸಾಕ್ಷಿ ಬೇಡ" ಎಂದರು ಮೇಷ್ಟ್ರು. ಅವ್ವನ ಬೈಗುಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಜಗತ್ತಿನ ಭೂವಿಜ್ಞಾನಿಗಳು ಜೇಬಿನಲ್ಲಿಟ್ಟುಕೊಂಡು ತಿರುಗುವ ಪರೀಕ್ಷೆಯನ್ನು ನಾನು ಅಡುಗೆಮನೆಯಲ್ಲೇ, ಏಟು ತಿನ್ನುವ ಭಯದಲ್ಲಿ, ಮಾಡಿಮುಗಿಸಿದ್ದೆ.

ಈಗ ಕಲ್ಲಿನ ಪಾಠ ಹೇಳುವುದೇ ನನ್ನ ಕಸುಬು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಸಿಕ್ಕರೂ ಯಾರಾದರೊಬ್ಬರು ಮೊಬೈಲಿನಲ್ಲಿ ಕಲ್ಲಿನ ಫೋಟೊ ತೋರಿಸಿ, "ಇದು ಯಾವ ಕಲ್ಲು?" ಎಂದು ಕೇಳುತ್ತಾರೆ. ಫೋಟೊ ನೋಡಿ ಹೆಸರು ಹೇಳುವ ಧೈರ್ಯ ನನಗಿಲ್ಲ. ಕಲ್ಲನ್ನು ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಬೇಕು: ನಿನ್ನಲ್ಲಿರುವ ಕಣ ಯಾವುದು, ಅದನ್ನು ಹಿಡಿದಿಟ್ಟ ಅಂಟು ಯಾವುದು, ನೀನು ಕೂತದ್ದು ಹೇಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಹೆಸರು ತಾನಾಗಿ ಬರುತ್ತದೆ. ಜೊತೆಗೆ ಆ ಕಲ್ಲು ಹುಟ್ಟಿದ ಹೊಳೆಯೋ ಕಡಲೋ ಕಣ್ಣೆದುರು ನಿಲ್ಲುತ್ತದೆ. ನನ್ನ ಮಟ್ಟಿಗೆ ಹೆಸರಿಗಿಂತ ಅದು ದೊಡ್ಡದು.

ಶಾಲೆಯ ಪುಸ್ತಕದಲ್ಲಿ ಪದರಶಿಲೆ ಎಂದೂ ಜಲಜಶಿಲೆ ಎಂದೂ ಓದಿರುತ್ತೇವೆ. ನನಗೆ ಮೊದಲನೆಯ ಹೆಸರೇ ಇಷ್ಟ. ಎಲ್ಲ ಪದರಗಲ್ಲೂ ನೀರಿನಲ್ಲೇ ಹುಟ್ಟಿದ್ದಲ್ಲ, ಗಾಳಿ ತೂರಿ ಗುಡ್ಡೆಹಾಕಿದ ಮರಳೂ ಕಲ್ಲಾಗಿದೆ. ಹಳೆಯ ಬಂಡೆ ಬಿಸಿಲಿಗೆ, ಮಳೆಗೆ, ಬೇರಿಗೆ ಒಡೆದು ಪುಡಿಯಾಗುತ್ತದೆ. ಪುಡಿಯನ್ನು ನೀರೋ ಗಾಳಿಯೋ ಹೊತ್ತು ತಗ್ಗಿನಲ್ಲಿ ಇಳಿಸುತ್ತದೆ. ಮೇಲೆ ಮೇಲೆ ಬಿದ್ದ ಭಾರಕ್ಕೆ ಅದು ಒತ್ತಿಕೊಂಡು, ನಡುವೆ ಹರಿದ ನೀರು ಬಿಟ್ಟುಹೋದ ಸಿಲಿಕವೋ ಸುಣ್ಣವೋ ಕಬ್ಬಿಣವೋ ಅಂಟಾಗಿ, ಮತ್ತೆ ಬಂಡೆಯಾಗುತ್ತದೆ. ಹೀಗೆ ಪುಡಿಯಿಂದಾದವು ಒಂದು ಬಗೆ. ನೀರಿನಲ್ಲಿ ಕರಗಿದ್ದ ಲವಣ ತಾನೇ ಕೆಳಗಿಳಿದೋ, ಜೀವಿಗಳ ಕೈವಾಡದಿಂದ ಹೆಪ್ಪುಗಟ್ಟಿಯೋ ಆದವು ಇನ್ನೊಂದು ಬಗೆ. ಮರಳುಗಲ್ಲು ಮೊದಲನೆಯದು, ಸುಣ್ಣದ ಕಲ್ಲು ಎರಡನೆಯದು.

ಭೂಮಿಯ ನೆಲದ ಮೇಲ್ಮೈಯಲ್ಲಿ ಮುಕ್ಕಾಲು ಪಾಲನ್ನು ಹೊದ್ದಿರುವುದು ಪದರಶಿಲೆ. ಭೂಚಿಪ್ಪಿನ ಒಟ್ಟು ಗಾತ್ರದಲ್ಲಾದರೆ ಅದು ನೂರಕ್ಕೆ ಹತ್ತು ಪಾಲೂ ಆಗದು, ಅಷ್ಟು ತೆಳುವಾದ ಹೊದಿಕೆ. ಕರ್ನಾಟಕದಲ್ಲಿ ಆ ಹೊದಿಕೆ ಬಹುಪಾಲು ಇಲ್ಲವೇ ಇಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಿಂದ ಹಂಪಿಯ ಗುಂಡುಗಲ್ಲಿನವರೆಗೆ ನಾವು ತುಳಿಯುವುದು ಆಳದಲ್ಲಿ ಬೆಂದ, ಕರಗಿ ಗಟ್ಟಿಯಾದ ಹಳೆಯ ಬಂಡೆ. ಬೆಳಗಾವಿ, ವಿಜಯಪುರ, ಬೀದರಿನ ಕಡೆ ದಖನ್ನಿನ ಲಾವಾ ಹಾಸಿದೆ. ರೂಪ ಕೆಡದ ಪದರಗಲ್ಲು ದೊಡ್ಡ ಹರವಿನಲ್ಲಿ ಸಿಗುವುದು ಎರಡೇ ಕಡೆ. ಮಲಪ್ರಭಾ, ಘಟಪ್ರಭಾ ಹರಿಯುವ ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಸುಮಾರು 8,000 ಚದರ ಕಿಲೋಮೀಟರಿನ ಕಲಾದಗಿ ಜಲಾನಯನ ಒಂದು. ಕಲಬುರಗಿ, ಯಾದಗಿರಿ ಸೀಮೆಯ ಭೀಮಾ ಜಲಾನಯನ ಇನ್ನೊಂದು. ಎರಡೂ ಪ್ರಾಣಿಗಳಿಗೆ ಚಿಪ್ಪು ಮೂಡುವ ಮೊದಲಿನವು. ಇಲ್ಲಿಯ ಕಲ್ಲು ಸೀಳಿ ಶಂಖ, ಮೀನಿನ ಮುಳ್ಳು ಹುಡುಕುವವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಕಲಿಯಲು ಬಾದಾಮಿಯಷ್ಟು ಒಳ್ಳೆಯ ಶಾಲೆಯನ್ನು ನಾನು ಕಂಡಿಲ್ಲ. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತೇನೆ. ಗುಹೆಗಳ ಕಡೆಗೆ ಹೋಗುವ ಮೊದಲು, ಊರಾಚೆ ರಸ್ತೆ ಬದಿಯಲ್ಲಿ ಉರುಳಿಬಿದ್ದ ಚೂರೊಂದನ್ನು ಒಬ್ಬೊಬ್ಬರ ಕೈಗೂ ಕೊಡುತ್ತೇನೆ. ಮೊದಲ ಕೆಲಸ, ಅದನ್ನು ಸುತ್ತಿಗೆಯಿಂದ ಒಡೆದು ಹೊಸ ಮುಖ ನೋಡುವುದು. ಬಿಸಿಲುಮಳೆಗೆ ಸಿಕ್ಕ ಹೊರಮೈ ಸುಳ್ಳು ಹೇಳುತ್ತದೆ. ಒಳಗೆ ಹಾಲುಬಿಳುಪಾಗಿರುವ ಕಲ್ಲು ಹೊರಗೆ ಕಪ್ಪಾಗಿರಬಹುದು. (ಸಂರಕ್ಷಿತ ಸ್ಮಾರಕದ ಎಲ್ಲೆಯೊಳಗೆ ಸುತ್ತಿಗೆಯನ್ನೂ ಆಮ್ಲವನ್ನೂ ಚೀಲದಿಂದ ಹೊರಗೆ ತೆಗೆಯಕೂಡದು. ಅಲ್ಲಿ ಕಣ್ಣಷ್ಟೇ ಸಾಕು.) ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರುವ ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡು, ಕಲ್ಲನ್ನು ಅದರ ಹತ್ತಿರಕ್ಕೆ ತರಬೇಕು. ಲೆನ್ಸನ್ನು ಕಲ್ಲಿನ ಹತ್ತಿರ ಹಿಡಿದು ದೂರದಿಂದ ಇಣುಕಿದರೆ ಏನೂ ಕಾಣದು. ಹೊಸಬರೆಲ್ಲ ಮಾಡುವ ತಪ್ಪು ಅದು.

ಸರಿಯಾಗಿ ಹಿಡಿದ ಕ್ಷಣ ಮಕ್ಕಳ ಬಾಯಿಂದ ಒಂದು "ಹಾಂ" ಹೊರಡುತ್ತದೆ. ಕೆಂಪು ಕಲ್ಲು ಮಾಯವಾಗಿ, ಅಲ್ಲಿ ಕಲ್ಲುಸಕ್ಕರೆಯ ಹರಳಿನಂಥ ಕಣಗಳ ರಾಶಿ ಕಾಣುತ್ತದೆ. ಒಂದೊಂದು ಕಣವೂ ಬೆಣಚು, ಬಣ್ಣವಿಲ್ಲದ್ದು. ಕೆಂಪೆಲ್ಲ ಕಣದ ಮೈಗೆ ಹತ್ತಿದ ತೆಳು ತುಕ್ಕಿನದು. ಬಾದಾಮಿಯ ಬೆಟ್ಟ ಸಂಜೆ ಬಿಸಿಲಲ್ಲಿ ಕೆಂಡದಂತೆ ಹೊಳೆಯುವುದು ಇಷ್ಟೇ ಇಷ್ಟು ಕಬ್ಬಿಣದಿಂದ.

ಇನ್ನು ಕಣದ ಗಾತ್ರ. ಭೂವಿಜ್ಞಾನದಲ್ಲಿ ಮರಳು ಎಂದರೆ ಖಚಿತ ಅಳತೆಯುಳ್ಳ ಮಾತು. 1922ರಲ್ಲಿ ಅಮೆರಿಕದ ಚೆಸ್ಟರ್ ವೆಂಟ್‌ವರ್ತ್ ಗೊತ್ತುಮಾಡಿದ ಮಾಪನದ ಪ್ರಕಾರ 2 ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗಿನ ಕಣ ಮರಳು. ಅದಕ್ಕಿಂತ ದಪ್ಪನಾದದ್ದು ಜಲ್ಲಿ, ಗುಂಡುಕಲ್ಲು. ಅದಕ್ಕಿಂತ ಸಣ್ಣದು ಗೋಡು, ಇನ್ನೂ ಸಣ್ಣದು ಜೇಡಿ. ಮಕ್ಕಳಿಗೆ ನಾನು ಅಡುಗೆಮನೆಯ ಲೆಕ್ಕ ಹೇಳುತ್ತೇನೆ: ಜೋಳದ ಕಾಳಿನಷ್ಟಿದ್ದರೆ ಅದು ಮರಳಲ್ಲ, ಜಲ್ಲಿ. ಸಾಸಿವೆ ಕಾಳಿನಷ್ಟಿದ್ದರೆ ದಪ್ಪ ಮರಳು. ರವೆಯಂತಿದ್ದರೆ ನಡುಮಟ್ಟದ ಮರಳು. ಬೆರಳಿಗೆ ಹಿಟ್ಟಿನಂತೆ ಹತ್ತಿ, ಕಣವೇ ಕಾಣದಿದ್ದರೆ ಗೋಡೋ ಜೇಡಿಯೋ. ಕೊನೆಯ ಎರಡನ್ನು ಬೇರ್ಪಡಿಸಲು ಲೆನ್ಸೂ ಸಾಲದು. ಚೂರೇಚೂರನ್ನು ಮುಂದಿನ ಹಲ್ಲಿನಲ್ಲಿ ಕಡಿದು ನೋಡಬೇಕು. ಕರಕರ ಎಂದರೆ ಗೋಡು, ಬೆಣ್ಣೆಯಂತೆ ಜಾರಿದರೆ ಜೇಡಿ. ಮಕ್ಕಳು ಮುಖ ಸಿಂಡರಿಸುತ್ತಾರೆ, ಆದರೆ ಕ್ಷೇತ್ರಕಾರ್ಯದಲ್ಲಿ ನಂಬಿಕೆಯ ಉಪಾಯ ಇದೇ.

ಗಾತ್ರಕ್ಕೆ ಇಷ್ಟು ಮಹತ್ವ ಏಕೆ? ದಪ್ಪ ಕಣ ಹೊರಲು ನೀರಿಗೆ ರಭಸ ಬೇಕು. ರಭಸ ತಗ್ಗಿದಲ್ಲಿ ಮೊದಲು ಗುಂಡುಕಲ್ಲು ಇಳಿಯುತ್ತದೆ, ಆಮೇಲೆ ಮರಳು. ಜೇಡಿ ಇಳಿಯಬೇಕಾದರೆ ನೀರು ಬಹುಮಟ್ಟಿಗೆ ನಿಂತೇ ಇರಬೇಕು. ಮಳೆಗಾಲದ ಹಳ್ಳದ ನೀರನ್ನು ಕೊಡದಲ್ಲಿ ತುಂಬಿಟ್ಟು ನೋಡಿದವರಿಗೆ ಇದು ಗೊತ್ತು. ಮರಳು ಆಗಲೇ ತಳ ಸೇರುತ್ತದೆ, ಕೆಂಪು ರಾಡಿ ತಿಳಿಯಾಗಲು ರಾತ್ರಿಯಿಡೀ ಬೇಕು. ಹಾಗಾಗಿ ಕಣದ ಗಾತ್ರ ನೋಡಿದರೆ ಆ ದಿನದ ನೀರಿನ ಓಟ ತಿಳಿಯುತ್ತದೆ.

ಕಣದ ಆಕಾರವೂ ಮಾತಾಡುತ್ತದೆ. ಬೆಟ್ಟದ ಬುಡದಲ್ಲೇ ನಿಂತದ್ದು ಮೂಲೆಮೂಲೆಯಾಗಿ ಚೂಪು, ಬಹುದೂರ ಉರುಳಿ ಬಂದದ್ದು ಗುಂಡಗೆ. ಜಲ್ಲಿಗಾತ್ರದ ಗುಂಡನೆಯ ಕಲ್ಲುಗಳು ಅಂಟಿಕೊಂಡು ಬಂಡೆಯಾದರೆ ಅದು ಕಾಂಗ್ಲೋಮರೇಟ್, ಚೂಪು ಚೂರುಗಳು ಅಂಟಿದರೆ ಬ್ರೆಸಿಯಾ. ಮರಳುಗಲ್ಲಿನೊಳಗೂ ಜಾತಿಗಳಿವೆ. ಬಹುಪಾಲು ಬೆಣಚೇ ಇದ್ದರೆ, ಮೆತ್ತನೆಯ ಖನಿಜಗಳೆಲ್ಲ ದಾರಿಯಲ್ಲೇ ಸವೆದು ಗಟ್ಟಿಯದ್ದು ಮಾತ್ರ ಉಳಿದಿದೆ ಎಂದರ್ಥ. ಬಾದಾಮಿಯ ಗುಹೆಗಳ ಕಲ್ಲು ಈ ಬಗೆಯದು. ನಸುಗೆಂಪು ಬಣ್ಣದ, ಓರೆಮಾಡಿದಾಗ ಕನ್ನಡಿಚೂರಿನಂತೆ ಮಿಂಚುವ ಫೆಲ್ಡ್‌ಸ್ಪಾರ್ ಬೇಕಾದಷ್ಟಿದ್ದರೆ ಅದು ಆರ್ಕೋಸ್. ಗ್ರಾನೈಟ್ ಬೆಟ್ಟ ಪಕ್ಕದಲ್ಲೇ ಇತ್ತು, ಪುಡಿ ಬೇಗನೆ ಹೂತುಹೋಯಿತು ಎಂದು ಅದರಿಂದ ತಿಳಿಯಬೇಕು. ಕಣಗಳ ಸಂದಿಯಲ್ಲಿ ಜೇಡಿಯ ರಾಡಿ ನೂರಕ್ಕೆ ಹದಿನೈದು ಪಾಲನ್ನು ಮೀರಿ ಕಲ್ಲು ಕಪ್ಪಗೆ, ಕೊಳಕಾಗಿ ಕಂಡರೆ ಗ್ರೇವ್ಯಾಕ್. ರಾಣೆಬೆನ್ನೂರು ಸುತ್ತಿನ ಹಳೆಯ ಬಂಡೆಗಳಲ್ಲಿ ಇದು ಹೇರಳ. ಮರಳೂ ಕೆಸರೂ ಬೇರೆಯಾಗಲು ಪುರಸೊತ್ತಿಲ್ಲದಂತೆ ಒಟ್ಟಿಗೇ ಕಡಲಿನ ಆಳಕ್ಕೆ ಜಾರಿಬಿದ್ದಾಗ ಇಂಥ ಕಲ್ಲು ಹುಟ್ಟುತ್ತದೆ.

ಮರಳುಗಲ್ಲನ್ನೂ ಕ್ವಾರ್ಟ್‌ಜೈಟನ್ನೂ ಬೇರೆ ಮಾಡುವುದು ಹಲವರಿಗೆ ಕಷ್ಟ. ಒಡೆದ ಮುಖ ನೋಡಿ. ಬಿರುಕು ಕಣಗಳ ಅಂಚನ್ನು ಸುತ್ತಿಕೊಂಡು ಹೋಗಿ ಮೈ ಸಕ್ಕರೆಯಂತೆ ತರಿತರಿಯಾಗಿದ್ದರೆ ಮರಳುಗಲ್ಲು. ಕಣಗಳನ್ನೇ ಸೀಳಿಕೊಂಡು ಹೋಗಿ ಮೈ ಗಾಜಿನಂತೆ ನಯವಾಗಿದ್ದರೆ ಕ್ವಾರ್ಟ್‌ಜೈಟ್. ಅಲ್ಲಿ ಅಂಟು ಕಣದಷ್ಟೇ ಗಟ್ಟಿಯಾಗಿದೆ.

ಇಷ್ಟು ತಿಳಿದ ಮೇಲೆ ಗುಹೆಗಳ ಮೆಟ್ಟಿಲು ಹತ್ತುತ್ತೇವೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ, ಮಂಗಳೇಶ ಬರೆಸಿದ ಶಾಸನವಿದೆ. ಪ್ರವಾಸಿಗರ ಕಣ್ಣು ವರಾಹ, ನರಸಿಂಹರ ಮೇಲಿರುತ್ತದೆ. ನನ್ನ ಕಣ್ಣು ಕಂಬಗಳ ಮೇಲೆ, ಗೋಡೆಗಳ ಮೇಲೆ ಓರೆಯಾಗಿ ಹಾದುಹೋದ ಕೆಂಪು–ಬಿಳಿ ಗೆರೆಗಳ ಮೇಲೆ. ಕೆಲವೆಡೆ ಆ ಗೆರೆಗಳು ಶಿಲ್ಪದ ಮೈಮೇಲೆಯೇ ಹರಿದಿವೆ. ದಪ್ಪ ಪದರಗಳು ಮಟ್ಟಸವಾಗಿದ್ದರೂ ಒಳಗಿನ ಗೆರೆಗಳು ಮಾತ್ರ ಒಂದೇ ಕಡೆಗೆ ಬಾಗಿವೆ. ಹೊಳೆಯ ತಳದಲ್ಲಿ ಮರಳು ದಿಬ್ಬಗಳಾಗಿ ಸಾಗುತ್ತದೆ. ನೀರು ಬರುವ ಕಡೆಯಿಂದ ಕಣಗಳು ಮೆಲ್ಲಗೆ ದಿಬ್ಬ ಹತ್ತಿ, ನೆತ್ತಿ ದಾಟಿ, ಆಚೆಯ ಕಡಿದಾದ ಇಳಿಜಾರಿನಲ್ಲಿ ಜಾರುತ್ತವೆ. ಒಂದೊಂದು ಜಾರುವಿಕೆಯೂ ಒಂದೊಂದು ಓರೆಗೆರೆ. ಗೆರೆ ಇಳಿಯುವ ದಿಕ್ಕೇ ನೀರು ಹರಿದ ದಿಕ್ಕು. ಮುಂದಿನ ನೆರೆ ಬಂದು ದಿಬ್ಬದ ನೆತ್ತಿಯನ್ನು ಕೊಚ್ಚುತ್ತದೆ, ಬುಡ ಉಳಿಯುತ್ತದೆ. ಹಾಗಾಗಿ ಓರೆಗೆರೆಗಳು ಕೆಳಗೆ ನಯವಾಗಿ ಬಾಗಿ ತಳಕ್ಕೆ ಸೇರಿಕೊಂಡಿರುತ್ತವೆ, ಮೇಲೆ ಕತ್ತರಿಸಿದಂತೆ ನಿಂತಿರುತ್ತವೆ. ಪದರಗಳು ತಲೆಕೆಳಗಾಗಿ ಮಗುಚಿದ ಜಾಗದಲ್ಲಿ ಮೇಲು ಯಾವುದು ಕೆಳಗು ಯಾವುದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ.

ಒಮ್ಮೆ ಗುಡ್ಡದ ದಾರಿಯಲ್ಲಿ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು ಹಾಸುಬಂಡೆಯ ಮೇಲೆ ನಿಂತಿದ್ದಳು. ಅಲ್ಲೆಲ್ಲ ಬೆರಳಗಲದ ಅಲೆಗಳು ಕಲ್ಲಾಗಿದ್ದವು. "ಮ್ಯಾಡಂ, ಹೊಳಿ ದಂಡಿ ಉಸುಕಿನ ಮ್ಯಾಲ ನಿಂತಂಗ ಆಗ್ತದ" ಎಂದಳು. ನಾನೂ ಚಪ್ಪಲಿ ಬಿಟ್ಟೆ. ನೀರು ಒಂದೇ ಕಡೆಗೆ ಹರಿದಿದ್ದರೆ ಅಲೆಯ ಒಂದು ಮಗ್ಗುಲು ಕಡಿದು, ಇನ್ನೊಂದು ಸಪಾಟು. ದಂಡೆಯ ನೀರಿನಂತೆ ಹಿಂದಕ್ಕೂ ಮುಂದಕ್ಕೂ ತೊನೆದಿದ್ದರೆ ಎರಡೂ ಮಗ್ಗುಲು ಸಮ. ಅಂಗಾಲಿಗೇ ಅದು ತಿಳಿಯುತ್ತಿತ್ತು.

ಬಾದಾಮಿಯಲ್ಲಿ ಬಹಳ ಜನ ಎಡವುವ ಇನ್ನೊಂದು ಜಾಗವಿದೆ. ಬೆಟ್ಟವನ್ನು ಮೇಲಿಂದ ಕೆಳಕ್ಕೆ ಸೀಳಿದ ದೊಡ್ಡ ಕಂದರಗಳನ್ನು ನೋಡಿ ಅವನ್ನೇ ಪದರ ಎಂದುಕೊಳ್ಳುತ್ತಾರೆ. ಅವು ಕಲ್ಲು ಗಟ್ಟಿಯಾದ ಮೇಲೆ ಬಿಟ್ಟ ಬಿರುಕು. ಪದರವಾದರೆ ಅದರ ಮೇಲೂ ಕೆಳಗೂ ಕಣವೋ ಬಣ್ಣವೋ ಬದಲಾಗಬೇಕು, ಬಿರುಕಿನ ಎರಡು ಕಡೆ ಅದೇ ಕಲ್ಲು. ಇನ್ನು, ಬಾದಾಮಿಯ ಪದರ ಹಾಸಿಗೆಯಂತೆ ಮಟ್ಟಸವಾಗಿದ್ದರೆ, ಅದರ ಅಡಿಯ ಬಾಗಲಕೋಟೆ ಸುತ್ತಿನ ಹಳೆಯ ಪದರಗಳು ಮಡಿಚಿಟ್ಟ ಸೀರೆಯಂತಿವೆ. ಕೆಳಗಿನವು ಕೂತು, ಕಲ್ಲಾಗಿ, ಮಡಚಿ, ಸವೆದು ಸಪಾಟಾದ ಮೇಲೆ ಬಾದಾಮಿಯ ಮರಳು ಬಂದದ್ದು. ಈ ಸೀಮೆಯ ಬಂಡೆಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಬರೆದ ದೊಡ್ಡ ವರದಿ 1876ರಲ್ಲಿ ಬಂತು. ಆತ ಇಲ್ಲೆಲ್ಲ ಓಡಾಡಿದ್ದು ಸರಿಯಾದ ರಸ್ತೆಯೂ ಇಲ್ಲದ ಕಾಲದಲ್ಲಿ.

ಫುಟ್ ಹೆಸರು ಬಂದಾಗ ಒಂದು ಜಗಳವನ್ನು ಹೇಳಲೇಬೇಕು. ಕಲ್ಲು ಗುರುತಿಸುವುದು ಎಷ್ಟು ನಾಜೂಕಿನ ಕೆಲಸ ಎಂದು ನನಗೆ ಕಲಿಸಿದ್ದು ಅದು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥ ಫುಟ್. ಚಿತ್ರದುರ್ಗ, ಶಿವಮೊಗ್ಗ, ಬಾಬಾಬುಡನ್‌ಗಿರಿಗಳ ಪುರಾತನ ಬಂಡೆಗಳಿಗೆ ಧಾರವಾಡ ಶಿಲೆ ಎಂಬ ಹೆಸರು ಕೊಟ್ಟವನೂ ಆತನೇ. ಅದರಲ್ಲಿ ಪದರಶಿಲೆ ಧಾರಾಳವಾಗಿದೆ ಎಂಬುದು ಆತನ ಎಣಿಕೆ. ಆಮೇಲೆ ಇಲಾಖೆಯ ಮುಖ್ಯಸ್ಥನಾದ ಡಬ್ಲ್ಯು. ಎಫ್. ಸ್ಮೀತ್ ಅದನ್ನು ಒಪ್ಪಲಿಲ್ಲ. ಇವೆಲ್ಲ ಅಗ್ನಿಶಿಲೆಯ ಮೂಲದವು, ಕಾಂಗ್ಲೋಮರೇಟಿನಂತೆ ಕಾಣುವುದೂ ಒತ್ತಡಕ್ಕೆ ಸಿಕ್ಕಿ ಅರೆದುಹೋದ ಬಂಡೆ ಎಂದು ವಾದಿಸಿದ. ಕೆಲವು ದಶಕ ಆ ಮಾತೇ ನಡೆಯಿತು. ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಗುಡ್ಡ ಗುಡ್ಡ ಅಲೆದು ಅಲೆಗುರುತು, ಓರೆಪದರಗಳಂಥ ಸಾಕ್ಷಿ ಕೂಡಿಹಾಕಿ ವಾದವನ್ನು ಮತ್ತೆ ಪದರಶಿಲೆಯ ಕಡೆಗೆ ತಿರುಗಿಸಿದರು.

ಹೊಳಲ್ಕೆರೆ ಕಡೆಯ ತಾಳ್ಯದ ಕಾಂಗ್ಲೋಮರೇಟನ್ನು ನೋಡಿದಾಗಲೆಲ್ಲ ನನಗೆ ಈ ಜಗಳ ನೆನಪಾಗುತ್ತದೆ. ಒಂದೇ ಬಂಡೆ ಅರೆದು ಚೂರಾಗಿದ್ದರೆ ಚೂರುಗಳೆಲ್ಲ ಒಂದೇ ಜಾತಿಯವಾಗಿರಬೇಕು. ಇಲ್ಲಿಯಾದರೆ ಗ್ರಾನೈಟ್, ಬೆಣಚು, ಬೇರೆ ಬೇರೆ ಬಂಡೆಗಳ ಗುಂಡುಗಳು ಪಕ್ಕಪಕ್ಕದಲ್ಲಿವೆ. ಒತ್ತಡಕ್ಕೆ ಕೆಲವು ಚಪಾತಿ ಲಟ್ಟಿಸಿದಂತೆ ಉದ್ದವಾಗಿದ್ದರೂ, ಬೇರೆ ಬೇರೆ ಊರಿನವರು ಒಂದೇ ಸಂತೆಗೆ ಬಂದಂತೆ ಅವು ಬಂದು ಸೇರಿದ್ದು ಹರಿಯುವ ನೀರಿನಲ್ಲಿ. ಈ ಕಲ್ಲು ಹುಟ್ಟುವ ಮುಂಚೆಯೇ ಗ್ರಾನೈಟ್ ಬೆಟ್ಟವೊಂದು ತಲೆಯೆತ್ತಿ ಸವೆಯುತ್ತಿತ್ತು ಎಂಬುದಕ್ಕೂ ಆ ಗುಂಡುಗಳೇ ಸಾಕ್ಷಿ.

ಬಾದಾಮಿಯಿಂದ ಶಹಾಬಾದಿನ ಕಡೆಗೆ ಬಂದರೆ ಮರಳಿನ ಲೋಕ ಮುಗಿದು ಸುಣ್ಣದ ಲೋಕ ಶುರುವಾಗುತ್ತದೆ. ಇಲ್ಲಿಯ ಗಣಿಯಲ್ಲಿ ಬೆಟ್ಟವಿಲ್ಲ, ಬಾವಿಯಂತೆ ಕೆಳಕ್ಕಿಳಿಯುವ ಮೆಟ್ಟಿಲುಗಳಿವೆ. ಹಿರಿಯ ಕೆಲಸಗಾರರೊಬ್ಬರು ಪದರದ ಅಂಚಿಗೆ ಉಳಿ ಇಟ್ಟು, ಒಂದು ಮೊಳಕ್ಕೊಂದರಂತೆ ಮೆತ್ತಗೆ ಬಡಿಯುತ್ತ ಹೋದದ್ದನ್ನು ನಾನು ಕೂತು ನೋಡಿದ್ದೇನೆ. ಜೋರಾಗಿ ಒಂದೇಟನ್ನೂ ಹಾಕಲಿಲ್ಲ. ಐದಾರು ಸುತ್ತಾದ ಮೇಲೆ "ಟಪ್" ಎಂದು ಸದ್ದಾಗಿ, ಬಾಗಿಲಗಲದ ಹಲಗೆ ತಾನೇ ಎದ್ದಿತು. ಆಮೇಲೆ ಅವರು ಸುತ್ತಿಗೆಯ ಹಿಡಿಯಿಂದ ಅದರ ಮೈಯನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಗಂಟೆಯಂತೆ ಮೊಳಗಿದರೆ ಹಲಗೆ ಗಟ್ಟಿ, ಮಡಕೆಯಂತೆ ದಬ್ಬೆಂದರೆ ಒಳಬಿರುಕು. ಅವರ ಕಿವಿಯ ಮೇಲೆ ನನಗೆ ಪೂರ್ತಿ ನಂಬಿಕೆ.

ಈ ಕಲ್ಲನ್ನು ಲೆನ್ಸಿನಲ್ಲಿ ನೋಡಿದರೆ ಕಣ ಕಾಣದು. ಅಷ್ಟು ಸಣ್ಣ ಸುಣ್ಣದ ಕೆಸರು ನಿಂತ ನೀರಿನಲ್ಲಿ ಇಳಿದು ಆದದ್ದು. 1962ರಲ್ಲಿ ರಾಬರ್ಟ್ ಡನ್‌ಹ್ಯಾಮ್ ಮಾಡಿದ ಸುಣ್ಣಗಲ್ಲಿನ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದರ ತಿರುಳು ಒಂದೇ ಪ್ರಶ್ನೆ: ಕಣಗಳು ಒಂದಕ್ಕೊಂದು ಆತುಕೊಂಡು ನಿಂತಿವೆಯೋ, ಕೆಸರಿನಲ್ಲಿ ತೇಲುತ್ತಿವೆಯೋ? ಕೆಸರೇ ಹೆಚ್ಚಿದ್ದರೆ ನೀರು ಶಾಂತವಾಗಿತ್ತು. ಕೆಸರು ತೊಳೆದುಹೋಗಿ ಕಣಗಳೇ ಉಳಿದಿದ್ದರೆ ಅಲೆ ಬಡಿಯುತ್ತಿತ್ತು. ಕಲ್ಲನ್ನು ಹೆಸರಿಸುವಾಗಲೇ ಕಡಲಿನ ಸ್ಥಿತಿಯನ್ನೂ ಹೇಳಿಬಿಡುವ ಇಂಥ ವರ್ಗೀಕರಣ ನನಗೆ ಬಹಳ ಸುಂದರವೆನಿಸುತ್ತದೆ.

ಗುರುತಿಗೆ ಚಾಕು, ಆಮ್ಲ ಎರಡು ಸಾಕು. ಸುಣ್ಣದ ಕಲ್ಲಿನ ಗಡಸುತನ 3, ಉಕ್ಕಿನ ಚಾಕುವಿನದು ಸುಮಾರು 5.5, ಬೆಣಚಿನದು 7. ಚಾಕು ಗೀರಿದರೆ ಸುಣ್ಣದ ಕಲ್ಲಿನ ಮೇಲೆ ಬಿಳಿ ಗಾಯವಾಗುತ್ತದೆ. ಚಕಮಕಿ ಕಲ್ಲಿನ ಮೇಲಾದರೆ ಗಾಯವಾಗುವುದು ಚಾಕುವಿಗೆ, ಕಲ್ಲಿನ ಮೇಲೆ ಉಕ್ಕಿನ ಕಪ್ಪು ಗೆರೆ ಉಳಿಯುತ್ತದೆ. ಮನೆಯಲ್ಲಿ ಪರೀಕ್ಷಿಸುವವರಿಗೆ ನಿಂಬೆರಸ, ವಿನೆಗರ್ ಧಾರಾಳ. ಕಲ್ಲನ್ನು ಕೆರೆದು ಪುಡಿ ಮಾಡಿ ಅದರ ಮೇಲೆ ಹನಿ ಬಿಟ್ಟರೆ ಗುಳ್ಳೆ ಚೆನ್ನಾಗಿ ಕಾಣುತ್ತದೆ. ಸುಣ್ಣದ ಜೊತೆ ಮೆಗ್ನೀಸಿಯಂ ಸೇರಿದ ಡಾಲೊಮೈಟ್ ಲೋಕಾಪುರ, ಬಾಗಲಕೋಟೆ ಕಡೆ ಬಹಳ. ಇಡಿಯ ಕಲ್ಲಿನ ಮೇಲೆ ತಣ್ಣನೆಯ ತೆಳು ಆಮ್ಲ ಬಿಟ್ಟರೆ ಅದು ಸುಮ್ಮನಿರುತ್ತದೆ, ಕೆರೆದ ಪುಡಿಯ ಮೇಲೆ ಬಿಟ್ಟರಷ್ಟೇ ಮೆಲ್ಲಗೆ ಗುಳ್ಳೆಯೇಳುತ್ತದೆ. ಬಯಲಲ್ಲಿ ಬಿದ್ದ ಡಾಲೊಮೈಟಿನ ಮೈ ಆನೆಯ ಚರ್ಮದಂತೆ ಸುಕ್ಕುಸುಕ್ಕು. ಗುಳ್ಳೆ ಕಂಡ ಮಾತ್ರಕ್ಕೆ ಸುಣ್ಣದ ಕಲ್ಲು ಎಂದು ಬರೆದುಕೊಳ್ಳುವ ಅವಸರವೂ ಬೇಡ. ಸುಣ್ಣ ಬರೀ ಅಂಟಾಗಿರುವ ಮರಳುಗಲ್ಲೂ ನೊರೆಯುಗುಳುತ್ತದೆ. ನೊರೆ ಅಡಗಿದ ಮೇಲೆ ಮರಳು ಉಳಿಯಿತೇ ಎಂದು ಬೆರಳಲ್ಲಿ ತೀಡಿ ನೋಡಬೇಕು.

ಸುಣ್ಣದ ಹಾಸುಗಲ್ಲಿನ ಪದರ ಬಿಡಿಸಿದಾಗ ಕೆಲವೊಮ್ಮೆ ಒಳಗೆ ಜರೀಗಿಡದ ಎಲೆಯಂಥ ಕಪ್ಪು ಚಿತ್ತಾರ ಕಾಣುತ್ತದೆ. ಎಷ್ಟೋ ಜನ ಅದನ್ನು ಗಿಡದ ಪಳೆಯುಳಿಕೆ ಎಂದು ಜೋಪಾನವಾಗಿ ತಂದು ತೋರಿಸುತ್ತಾರೆ. ಅದು ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಹರಳು. ಅವರ ಮುಖ ಬಾಡುವುದನ್ನು ನೋಡಲಾಗದೆ, ನಿಜವಾದ ಪಳೆಯುಳಿಕೆ ಎಲ್ಲಿದೆ ಎಂದು ಹೇಳಿಕಳಿಸುತ್ತೇನೆ. ಕಲಾದಗಿಯ ಸುಣ್ಣದ ಕಲ್ಲು, ಡಾಲೊಮೈಟುಗಳಲ್ಲಿ ಬಟ್ಟಲು ಕವುಚಿ ಒಂದರ ಮೇಲೊಂದು ಪೇರಿಸಿದಂಥ, ಅಡ್ಡ ಕೊಯ್ದರೆ ಎಲೆಕೋಸಿನಂತೆ ಕಾಣುವ ಸ್ಟ್ರೊಮ್ಯಾಟೊಲೈಟುಗಳಿವೆ. ಆಳವಿಲ್ಲದ ನೀರಿನಲ್ಲಿ ಪಾಚಿಯಂತೆ ಹರಡಿದ ಸೂಕ್ಷ್ಮಜೀವಿಗಳು ಕೆಸರನ್ನು ಹಿಡಿದಿಟ್ಟು, ಬಿಸಿಲಿಗಾಗಿ ಮೇಲೆ ಬಂದು, ಮತ್ತೆ ಕೆಸರು ಹಿಡಿದು ಕಟ್ಟಿದ ಗೂಡು ಅದು.

ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಈ ಸೀಮೆಯ ಸುಣ್ಣದ ಕಲ್ಲಿನಲ್ಲೇ. ಹೆಸರು ಕೆತ್ತಿದ ಅಶೋಕನ ಚಿತ್ರ ಸಿಕ್ಕಿದ್ದು ಅಲ್ಲಿ. ಅದರಲ್ಲಿನ ಸೆರಗಿನ ಮಡಿಕೆ, ಬಳೆಯ ಅಂಚು ಅಷ್ಟು ನವಿರಾಗಿ ಬಂದದ್ದಕ್ಕೆ ಶಿಲ್ಪಿಯ ಕೈಯಷ್ಟೇ ಕಣವಿಲ್ಲದ ಆ ಕಲ್ಲೂ ಕಾರಣ. ಮರಳುಗಲ್ಲಿನಲ್ಲಿ ಅಷ್ಟು ತೆಳುಗೆರೆ ತೆಗೆಯಹೋದರೆ ಕಣ ಉದುರುತ್ತದೆ. ಅದೇ ಸುಣ್ಣದ ಕಲ್ಲು ಇವತ್ತು ವಾಡಿ, ಸೇಡಂ ಕಡೆ ಸಿಮೆಂಟಿನ ಗೂಡಿಗೆ ಹೋಗುತ್ತಿದೆ.

ಜೇಡಿಯಿಂದಾದ ಕಲ್ಲು ಲೋಕದಲ್ಲಿರುವ ಪದರಶಿಲೆಗಳಲ್ಲಿ ಅರ್ಧಕ್ಕೂ ಹೆಚ್ಚು. ಆದರೂ ಮೆತ್ತಗಿರುವುದರಿಂದ ಬೇಗ ಸವೆದು ಮಣ್ಣಿನಡಿ ಅಡಗುತ್ತದೆ, ಕಣ್ಣಿಗೆ ಬೀಳುವುದು ಕಡಿಮೆ. ಪುಸ್ತಕದ ಹಾಳೆಯಂತೆ ಬಿಡಿಸಿಕೊಂಡರೆ ಶೇಲ್, ಹಾಳೆ ಬಿಡದೆ ಮುದ್ದೆಯಾಗಿ ಒಡೆದರೆ ಮಡ್‌ಸ್ಟೋನ್. ಬಾಯಿಂದ ಹಬೆ ಊದಿ ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ.

ಮೋಸಗೊಳಿಸುವ ಕಲ್ಲುಗಳೂ ಇವೆ. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು, ಚಿರೆಕಲ್ಲು ಎಂದು ಕರೆಯುವ ಲ್ಯಾಟರೈಟ್ ಅಂಥದು. 1807ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನ ಕೇರಳದ ಅಂಗಾಡಿಪುರದ ಕಲ್ಲಿಗೆ ಆ ಹೆಸರಿಟ್ಟಿತು. ಇಟ್ಟಿಗೆಯಂತೆ ಕತ್ತರಿಸಿ ಬಳಸುವುದರಿಂದ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎನ್ನುವ ಮಾತಿನಿಂದ ಬಂದ ಹೆಸರು. ಅದು ಎಲ್ಲಿಂದಲೋ ಬಂದು ಕೂತದ್ದಲ್ಲ. ಇದ್ದ ಬಂಡೆಯೇ ಮಳೆಗೆ ತೊಳೆದು, ಕಬ್ಬಿಣವೂ ಅಲ್ಯುಮಿನಿಯಮ್ಮೂ ಉಳಿದು ಆದದ್ದು. ಮೈತುಂಬ ತೂತಿವೆ, ಪದರವಿಲ್ಲ. ಬೇಲೂರು, ಹಳೇಬೀಡಿನ ಬಳಪದ ಕಲ್ಲು ರೂಪಾಂತರ ಹೊಂದಿದ್ದು. ಇಳಕಲ್ಲಿನ ಕೆಂಪು ಕಲ್ಲು ಬಾದಾಮಿಗೆ ಇಷ್ಟು ಹತ್ತಿರವಿದ್ದೂ ಗ್ರಾನೈಟ್. ಅದರ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿವೆ, ನಡುವೆ ಅಂಟಿಗೆ ಜಾಗವೇ ಇಲ್ಲ. ಇದಕ್ಕೆ ಎದುರಾಗಿ, ಸಂಡೂರು, ಕುದುರೆಮುಖ, ಬಾಬಾಬುಡನ್‌ಗಿರಿಗಳ ಕಬ್ಬಿಣದ ಪಟ್ಟೆಕಲ್ಲನ್ನು ಯಾರೂ ಪದರಶಿಲೆ ಎಂದು ಊಹಿಸುವುದಿಲ್ಲ. 250 ಕೋಟಿ ವರ್ಷಕ್ಕೂ ಹಿಂದೆ ಕಡಲಿನ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು, ಸಿಲಿಕದ ಪದರದೊಡನೆ ಪಟ್ಟೆಪಟ್ಟೆಯಾಗಿ ಕೂತ ಕಲ್ಲು ಅದು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರುಮಾಡಿದ್ದು ಕೆಮ್ಮಣ್ಣುಗುಂಡಿಯ ಅದಿರಿನಿಂದ. ಸುಣ್ಣದ ಕಲ್ಲನ್ನು ಗೀರುವ ನಮ್ಮ ಚಾಕುವಿನ ಕಬ್ಬಿಣವೂ ಬಹುಮಟ್ಟಿಗೆ ಇಂಥ ಪದರಶಿಲೆಯಿಂದಲೇ ಬಂದಿರುತ್ತದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಮುಂದೆ ಇದನ್ನೆಲ್ಲ ಹೇಳುತ್ತ ಕೂತಿದ್ದೆ. ನಾವು ಕೂತ ನೆಲ ಒಂದು ಕಾಲಕ್ಕೆ ಕಡಲಿನ ಕೆಸರಾಗಿತ್ತು ಎಂದೆ. ಅವ್ವ ಪರ್ಸಿಯ ಮೇಲೆ ಅಂಗೈ ಆಡಿಸಿದಳು, ಏನೂ ಅನ್ನಲಿಲ್ಲ. ಹಿತ್ತಲಲ್ಲಿ ಅವ್ವನ ಅತ್ತೆಯ ಕಾಲದ ಒರಳಿದೆ. ನಿಂಬೆಹೋಳು ತೆಗೆದುಕೊಂಡು ಹೋಗಿ ಅದರ ಕಪ್ಪು ಅಂಚಿನ ಮೇಲೆ ಹಿಂಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. "ನೋಡು, ಇದು ಲಾವಾದ ಕಲ್ಲು. ಶಾಬಾದಿ ಕಲ್ಲಿನಂಗ ಅಲ್ಲ" ಎಂದೆ.

ಅವ್ವ ಸೆರಗಿನಿಂದ ಒರಳಿನ ಅಂಚು ಒರೆಸಿದಳು. "ಚಟ್ನಿಗಿ ದಿನಾ ಹುಣಸಿಹಣ್ಣು ಹಾಕಿ ಅರಿತೀವಿ. ಹುಳಿಗಿ ಕರಗೋ ಕಲ್ಲಾಗಿದ್ರ ಅತ್ತಿ ಕಾಲದಿಂದ ಇಲ್ಲಿತನ ಉಳೀತಿತ್ತೇನು?"